ಪಿಸಿ ಕಟ್ಟಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಯಾವುದಕ್ಕೆ ಯಾವುದು ಕೂರುತ್ತದೆ?

ನಾನು ಅಂಗಡಿ ಇಟ್ಟವನಲ್ಲ. ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ಭಾನುವಾರ ಕೂತು ಗುರುತಿನವರಿಗೆ ಪಿಸಿ ಜೋಡಿಸಿಕೊಡುತ್ತೇನೆ. ಕಾಲೇಜು ಶುರುವಾಗುವ ಹೊತ್ತಿಗೆ ಫೋನ್ ಜಾಸ್ತಿ. ಹೋದ ಸಲ ಒಬ್ಬ ಹುಡುಗ ಆರು ಡಬ್ಬ ಹೊತ್ತು ತಂದ. ಎಲ್ಲಾ ಒಳ್ಳೆಯ ಮಾಲೇ. ಆದರೆ ಬೋರ್ಡ್ (ಎಲ್ಲವೂ ಕೂರುವ ಮದರ್‌ಬೋರ್ಡ್) ಡಿಡಿಆರ್5 ಮೆಮೊರಿಯದು, ತಂದ ಮೆಮೊರಿ ಕಡ್ಡಿ ಅಂದರೆ ರ‍್ಯಾಮ್ ಡಿಡಿಆರ್4. "ರಿವ್ಯೂ ನೋಡೇ ತಗೊಂಡಿದ್ದು ಅಂಕಲ್" ಅಂದ. ರಿವ್ಯೂ ಹೇಳುವುದು ಆ ಒಂದು ವಸ್ತುವಿನ ಗುಣ. ನೀವು ತಗೊಂಡ ಉಳಿದ ಐದರ ಜೊತೆ ಅದು ಹೊಂದುತ್ತದೋ ಇಲ್ಲವೋ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ.

ಮೊದಲು ಯಾವುದನ್ನು ಆರಿಸಬೇಕು?

ಮೊದಲು ಕೆಲಸ. ಆಮೇಲೆ ಪ್ರೊಸೆಸರ್, ಅದಕ್ಕೆ ತಕ್ಕ ಬೋರ್ಡ್, ಬೋರ್ಡಿಗೆ ತಕ್ಕ ರ‍್ಯಾಮ್. ಗೇಮ್ ಆಡುವವರಾದರೆ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಹಣ ಅಂತ ಪ್ರೊಸೆಸರ್ ಜೊತೆಗೇ ತೀರ್ಮಾನಿಸಿ. ಎಸ್‌ಎಂಪಿಎಸ್ (ಕರೆಂಟ್ ಹಂಚುವ ಡಬ್ಬ) ಮತ್ತು ಕ್ಯಾಬಿನೆಟ್ ಕೊನೆಗೆ. ಕೊನೆಗೆ ಅಂದರೆ ಉಳಿದ ಚಿಲ್ಲರೆಯಲ್ಲಿ ಅಂತಲ್ಲ.

ಬಹಳ ಜನ ಉಲ್ಟಾ ಬರುತ್ತಾರೆ. ಬಣ್ಣದ ಲೈಟಿನ ಕ್ಯಾಬಿನೆಟ್ ಮೊದಲೇ ತಗೊಂಡು, "ಇದಕ್ಕೆ ಏನು ಹಾಕಬಹುದು?" ಅಂತ ಕೇಳುತ್ತಾರೆ. ಹಾಕಬಹುದು. ಆದರೆ ಆಮೇಲೆ ಪ್ರತಿಯೊಂದನ್ನೂ ಟೇಪ್ ಹಿಡಿದು ಅಳೆಯಬೇಕಾಗುತ್ತದೆ.

ಸಾಕೆಟ್ ಅಂತಾರಲ್ಲ, ಅದೇನು?

ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ. ಅದೊಂದು ಬೇರೆಯಾದರೆ ಮುಂದೆ ಯಾವ ಉಪಾಯವೂ ಇಲ್ಲ. ಈಗ ನಮ್ಮ ಕಡೆ ಓಡಾಡುವುದು ಮುಖ್ಯವಾಗಿ ಇಂಟೆಲ್, ಎಎಂಡಿ ಎಂಬ ಎರಡು ಪ್ರೊಸೆಸರ್ ಕಂಪನಿಗಳ ನಾಲ್ಕು.

ಇಂಟೆಲ್‌ನ ಎಲ್‌ಜಿಎ1700, ಇದಕ್ಕೆ 12, 13 ಮತ್ತು 14ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳು. ಎಲ್‌ಜಿಎ1851, 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ. ಎಎಂಡಿಯ ಎಎಂ4, ರೈಜೆನ್ 1000ದಿಂದ 5000ದವರೆಗೆ. ಎಎಂ5, 2022ರಲ್ಲಿ ಬಂದದ್ದು, ರೈಜೆನ್ 7000, 8000 ಮತ್ತು 9000 ಸರಣಿಗೆ. ಇಂಟೆಲ್ ಹೆಸರಿನಲ್ಲಿರುವ ಅಂಕಿ ಬೇರೇನಲ್ಲ, ಅಷ್ಟು ಪಿನ್ ಅಂತ. 1700ರ ಪ್ರೊಸೆಸರ್ 1851ರಲ್ಲಿ ಕೂರುವುದಿಲ್ಲ.

ಐದು ವರ್ಷ ಬಿಟ್ಟು ಬರೀ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ ಎಎಂ5 ಒಳ್ಳೆಯದು. 2027 ಮತ್ತು ಅದರಾಚೆಗೂ ಈ ಸಾಕೆಟ್ ಮುಂದುವರಿಸುತ್ತೇವೆ ಅಂತ ಎಎಂಡಿ ಹೇಳಿದೆ. ಎಎಂ4 ಕಡಿಮೆ ಬಜೆಟ್‌ಗೆ ಈಗಲೂ ನಡೆಯುತ್ತದೆ, ಆದರೆ ಮುಂದಕ್ಕೆ ದಾರಿ ಇಲ್ಲ.

ಒಂದು ಎಚ್ಚರಿಕೆ. ಎಎಂ4ರಲ್ಲಿ ಪಿನ್ ಪ್ರೊಸೆಸರ್‌ನ ಹೊಟ್ಟೆಗೆ ಇರುತ್ತವೆ. ಉಳಿದ ಮೂರರಲ್ಲಿ ಬೋರ್ಡಿನ ಮೇಲೆ. ಕೂದಲಿನಷ್ಟು ಸಣ್ಣ ಪಿನ್, ಅಂಗಿ ತೋಳು ತಾಗಿದರೂ ಬಾಗುತ್ತದೆ. ಪ್ರೊಸೆಸರ್ ಮೇಲೂ ಸಾಕೆಟ್ ಮೇಲೂ ಒಂದೊಂದು ಸಣ್ಣ ತ್ರಿಕೋನದ ಗುರುತು ಇದೆ. ಎರಡೂ ಒಂದೇ ಮೂಲೆಗೆ ಬರಬೇಕು. ಪ್ರೊಸೆಸರ್ ತನ್ನ ತೂಕಕ್ಕೇ ಕೂರಬೇಕು, ಬೆರಳಿಂದ ಒತ್ತಬಾರದು. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಅದನ್ನು ಕೇಳುತ್ತಾರೆ.

ಸಾಕೆಟ್ ಸರಿಯಾಗೇ ಇತ್ತು. ಆದರೂ ಡಿಸ್‌ಪ್ಲೇ ಬರಲಿಲ್ಲ. ಯಾಕೆ?

ಬಯಾಸ್ (ಸ್ವಿಚ್ ಹಾಕಿದ ತಕ್ಷಣ ಮೊದಲು ಓಡುವ, ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್) ಹಳೆಯದು. ಬೋರ್ಡ್ ತಯಾರಾದ ದಿನ ಆ ಪ್ರೊಸೆಸರ್ ಹುಟ್ಟಿಯೇ ಇರಲಿಲ್ಲ, ಅದಕ್ಕೆ ಗುರುತು ಸಿಗುವುದಿಲ್ಲ.

ಹರಿಹರದ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಬಿ450 ಬೋರ್ಡ್ ತಂದ. ಜೊತೆಗೆ ಹೊಸ ರೈಜೆನ್ 5 5600. ಫ್ಯಾನ್ ತಿರುಗಿತು, ಲೈಟ್ ಬಂತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿ ಒಂದು ಸಂಜೆ ಕಳೆದೆವು. ಕೊನೆಗೆ ನನ್ನ ಹಳೆಯ ರೈಜೆನ್ 2600 ಹಾಕಿ ನೋಡಿದರೆ ತಕ್ಷಣ ಆನ್ ಆಯಿತು. ಅದರಲ್ಲೇ ಬಯಾಸ್ ಅಪ್‌ಡೇಟ್ ಮಾಡಿ, 5600 ವಾಪಸ್ ಹಾಕಿದೆವು. ಎಲ್ಲರ ಮನೆಯಲ್ಲೂ ಹಳೆ ಪ್ರೊಸೆಸರ್ ಇರುತ್ತದಾ?

ಎಚ್610, ಬಿ660 ಬೋರ್ಡಿಗೆ 14ನೇ ಪೀಳಿಗೆ ಹಾಕುವಾಗಲೂ, ಮೊದಲು ಬಂದ ಬಿ650 ಬೋರ್ಡಿಗೆ ರೈಜೆನ್ 9000 ಹಾಕುವಾಗಲೂ ಇದೇ ಕಥೆ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಪುಟಕ್ಕೆ ಹೋಗಿ. ಸಿಪಿಯು ಸಪೋರ್ಟ್ ಲಿಸ್ಟ್ ಅಂತ ಇರುತ್ತದೆ. ನಿಮ್ಮ ಪ್ರೊಸೆಸರ್ ಹೆಸರಿನ ಎದುರು ಯಾವ ಬಯಾಸ್ ವರ್ಷನ್ ಬೇಕು ಅಂತಲೂ ಬರೆದಿರುತ್ತಾರೆ. ಕೆಲವು ಬೋರ್ಡ್‌ಗಳಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆ. ಪ್ರೊಸೆಸರ್ ಇಲ್ಲದೆಯೇ ಪೆನ್ ಡ್ರೈವ್ ಚುಚ್ಚಿ ಬಟನ್ ಒತ್ತಿದರೆ ಅಪ್‌ಡೇಟ್ ಆಗುತ್ತದೆ. ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಆದರೂ ಅಂಥ ಬೋರ್ಡ್ ತಗೊಳ್ಳಿ. ಆ ಸಮಯದಲ್ಲಿ ಕರೆಂಟ್ ಹೋಗಬಾರದು ಅಷ್ಟೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನೊಂದು ಮಾತು. ಇಂಟೆಲ್ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳು ಅಸ್ಥಿರವಾಗುವ ತೊಂದರೆ ಬಂದು, 2024ರಲ್ಲಿ ಕಂಪನಿ ಅದಕ್ಕೆ ಬಯಾಸ್ ಮೂಲಕ ಬರುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್ ಹ್ಯಾಂಡ್ ಐ7, ಐ9 ತಗೊಳ್ಳುವವರು ಬಿಲ್ ಇಲ್ಲದೆ ತಗೊಳ್ಳಬೇಡಿ. ತಗೊಂಡ ಮೇಲೆ ಮೊದಲ ಕೆಲಸ ಬಯಾಸ್ ಅಪ್‌ಡೇಟ್.

ಬೋರ್ಡ್ ಹೆಸರಲ್ಲಿ ಎಚ್, ಬಿ, ಝಡ್, ಎಕ್ಸ್ ಇರುತ್ತಲ್ಲ?

ಇಂಟೆಲ್‌ನಲ್ಲಿ ಎಚ್610 ಕಡಿಮೆ ಬೆಲೆಯದು, ಬಿ760 ನಡುವಿನದು, ಝಡ್790 ದುಬಾರಿ. ಕೆ ಅಕ್ಷರದ ಪ್ರೊಸೆಸರ್ ಓವರ್‌ಕ್ಲಾಕ್ (ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು) ಮಾಡಬೇಕಾದರೆ ಮಾತ್ರ ಝಡ್ ಬೇಕು. ಎಎಂಡಿಯಲ್ಲಿ ದುಬಾರಿ ಎಕ್ಸ್ ಬೇಕಿಲ್ಲ, ಬಿ ಬೋರ್ಡಿನಲ್ಲೇ ಓವರ್‌ಕ್ಲಾಕ್ ಆಗುತ್ತದೆ. ನಮ್ಮ ಊರಿನ ಸೆಕೆಗೆ ಓವರ್‌ಕ್ಲಾಕ್ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಆದರೆ ಎಚ್610ಗೆ ಐ9 ಕೂರಿಸುವವರೂ ಇದ್ದಾರೆ. ಕೂರುತ್ತದೆ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗ ಅಲ್ಲಿ ಸಣ್ಣದು, ಬಿಸಿಯಾಗಿ ವೇಗ ಇಳಿಸಿಬಿಡುತ್ತದೆ. ಕೊಟ್ಟ ದುಡ್ಡು ದಂಡ.

ರ‍್ಯಾಮ್ ಡಿಡಿಆರ್4 ತಗೊಳ್ಳಲಾ, ಡಿಡಿಆರ್5 ತಗೊಳ್ಳಲಾ?

ಅದನ್ನು ನೀವಲ್ಲ, ಬೋರ್ಡ್ ತೀರ್ಮಾನಿಸುತ್ತದೆ. ಎಎಂ4 ಆದರೆ ಡಿಡಿಆರ್4 ಮಾತ್ರ. ಎಎಂ5 ಮತ್ತು ಎಲ್‌ಜಿಎ1851 ಆದರೆ ಡಿಡಿಆರ್5. ಗೊಂದಲ ಎಲ್ಲಾ ಎಲ್‌ಜಿಎ1700ದಲ್ಲಿ. ಆ ಪ್ರೊಸೆಸರ್‌ಗಳು ಎರಡಕ್ಕೂ ಒಗ್ಗುತ್ತವೆ. ಅದಕ್ಕೆ ಒಂದೇ ಬಿ760 ಹೆಸರಿನಲ್ಲಿ ಎರಡು ಥರದ ಬೋರ್ಡ್ ಬರುತ್ತವೆ. ಡಿಡಿಆರ್4 ಬೋರ್ಡ್ ಆದರೆ ಸಾಮಾನ್ಯವಾಗಿ ಹೆಸರಿನ ಕೊನೆಗೆ ಡಿ4 ಅಂತ ಇರುತ್ತದೆ. ಆ ಎರಡು ಅಕ್ಷರ ನೋಡದೆ ತಗೊಂಡವನೇ ಮೇಲೆ ಹೇಳಿದ ಹುಡುಗ.

ಎರಡಕ್ಕೂ ಪಿನ್ 288. ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಕೆಲವೇ ಮಿಲಿಮೀಟರ್ ಆಚೆಈಚೆ. ಕಚ್ಚು ಸ್ಲಾಟಿನ ಉಬ್ಬಿಗೆ ಸೇರದಿದ್ದರೆ ಅಲ್ಲಿಗೇ ನಿಲ್ಲಿಸಿ. ಸರಿಯಾದ ರ‍್ಯಾಮ್ ಕೂಡ ಸ್ವಲ್ಪ ಒತ್ತಿದರೇ ಟಕ್ ಅಂತ ಕೂರುವುದು. ಅದಕ್ಕೇ ಜನ ಇದನ್ನೂ ಒತ್ತುತ್ತಾರೆ, ಸ್ಲಾಟ್ ಸೀಳುತ್ತದೆ.

16 ಜಿಬಿ ಬೇಕಾದರೆ 8ರ ಎರಡು ತಗೊಳ್ಳಿ, 16ರ ಒಂದಲ್ಲ. ಎರಡು ದಾರಿಯಲ್ಲಿ ಡೇಟಾ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಒಳಗೇ ಗ್ರಾಫಿಕ್ಸ್ ಇರುವ 5600ಜಿ ಥರದ ಪ್ರೊಸೆಸರ್ ನಂಬಿಕೊಂಡವರಿಗೆ ಇದು ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಡಿಡಿಆರ್5ರಲ್ಲಿ ನಾಲ್ಕೂ ತುಂಬಿದರೆ ವೇಗ ಇಳಿಯುತ್ತದೆ, ಆದ್ದರಿಂದ ಎರಡರಲ್ಲೇ ಮುಗಿಸಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಸರ್ವರ್‌ಗಳಿಗೆ ಚಿಪ್ ಹೋಗುತ್ತಿರುವುದೇ ಕಾರಣ. ಹಾಗಂತ ಒಂದೇ ಕಡ್ಡಿ ಹಾಕಿ, ಆಮೇಲೆ ಬೇರೆ ಕಂಪನಿಯದು ಸೇರಿಸುತ್ತೇನೆ ಅಂದರೆ ಹೊಂದುವ ಭರವಸೆ ಇಲ್ಲ.

ಜೋಡಿಸಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ 3200 ಅಂತ ಬರೆದ ರ‍್ಯಾಮ್ ಕಡಿಮೆ ವೇಗದಲ್ಲೇ ಓಡಬಹುದು.

ಲ್ಯಾಪ್‌ಟಾಪ್ ರ‍್ಯಾಮ್ ಹಾಕಬಹುದಾ?

ಇಲ್ಲ. ಅದು ಗಿಡ್ಡ.

ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಸ್ವಲ್ಪ ಅಗ್ಗ. ತಗೊಳ್ಳಬಹುದಾ?

ಗ್ರಾಫಿಕ್ಸ್ ಕಾರ್ಡ್ ಹಾಕುವುದಾದರೆ ಧಾರಾಳವಾಗಿ. ಹಾಕದಿದ್ದರೆ ಪರದೆಯಲ್ಲಿ ಏನೂ ಬರುವುದಿಲ್ಲ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಎಎಂ4ರ ರೈಜೆನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ರೈಜೆನ್ 7600ರಲ್ಲಿ ಸಣ್ಣದೊಂದು ಇದೆ, 7500ಎಫ್‌ನಲ್ಲಿ ಇಲ್ಲ.

ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರೊಬ್ಬರು ಐ5-12400ಎಫ್ ತಗೊಂಡು, ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಚುಚ್ಚಿ ಎರಡು ದಿನ ಕಾದರು. ಸೀಸನ್ ಬೇರೆ. ಬೋರ್ಡಿನಲ್ಲಿ ಪೋರ್ಟ್ ಇದ್ದ ಮಾತ್ರಕ್ಕೆ ಚಿತ್ರ ಬರುವುದಿಲ್ಲ, ಚಿತ್ರ ಕೊಡುವುದು ಪ್ರೊಸೆಸರ್. ಗ್ರಾಫಿಕ್ಸ್ ಕಾರ್ಡ್ ಹಾಕಿದವರು ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಬೇಕು. "ಗೇಮ್ ನಿಧಾನ" ಅಂತ ಬರುವ ಫೋನ್‌ಗಳಲ್ಲಿ ಇದೂ ಒಂದು.

ಹೊಸ ಗ್ರಾಫಿಕ್ಸ್ ಕಾರ್ಡ್ ನನ್ನ ಹಳೆ ಬೋರ್ಡಿಗೆ ಕೂರುತ್ತಾ?

ಸ್ಲಾಟ್‌ಗೆ ಕೂರುತ್ತದೆ. ಪಿಸಿಐ ಎಕ್ಸ್‌ಪ್ರೆಸ್ (ಆ ಸ್ಲಾಟಿನ ಹೆಸರು) 4ನೇ ಪೀಳಿಗೆಯ ಕಾರ್ಡ್ 3ರ ಸ್ಲಾಟ್‌ನಲ್ಲಿ ಕೆಲಸ ಮಾಡುತ್ತದೆ. ಆದರೆ ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600 ಥರದವು ಡೇಟಾ ಹೋಗಲು 16ರ ಬದಲು 8 ದಾರಿಯನ್ನಷ್ಟೇ ಬಳಸುತ್ತವೆ. ಹಳೆ ಬೋರ್ಡಿನಲ್ಲಿ ಸ್ವಲ್ಪ ವೇಗ ಹೋಗುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬರೀ 4 ದಾರಿ, ಅದನ್ನು ಹಳೆ ಬೋರ್ಡಿಗೆ ನಾನು ಹಾಕಿಕೊಡುವುದಿಲ್ಲ.

ನಿಜವಾದ ತಕರಾರು ಉದ್ದ. ಮೂರು ಫ್ಯಾನ್‌ನ ಕಾರ್ಡ್ 300 ಮಿಲಿಮೀಟರ್ ದಾಟುತ್ತದೆ. ಕ್ಯಾಬಿನೆಟ್‌ನ ಮುಂದಿನ ಫ್ಯಾನ್ ಅಥವಾ ಹಳೆ ಮಾದರಿಯ ಹಾರ್ಡ್ ಡಿಸ್ಕ್ ಗೂಡು ಅಡ್ಡ ಬರುತ್ತದೆ. ಕಾರ್ಡ್ ಎಷ್ಟು ಮಿಲಿಮೀಟರ್, ಕ್ಯಾಬಿನೆಟ್ ಎಷ್ಟು ಹಿಡಿಸುತ್ತದೆ, ಎರಡೂ ಡಬ್ಬದ ಮೇಲೆ ಅಥವಾ ಕಂಪನಿ ಪುಟದಲ್ಲಿ ಇರುತ್ತದೆ.

ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಬೇಕು? ಕ್ಯಾಬಿನೆಟ್ ಜೊತೆ ಫ್ರೀ ಬಂದಿದೆ, ಅದೇ ಸಾಕಾ?

ಸಾಕಾಗುವುದಿಲ್ಲ. ಫ್ರೀ ಬಂದದ್ದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ. ಪಕ್ಕದಲ್ಲಿ ಒಳ್ಳೆಯದೊಂದನ್ನು ಇಟ್ಟು ತೂಗಿ. ಮಂಡಕ್ಕಿ ಚೀಲಕ್ಕೂ ಅಕ್ಕಿ ಚೀಲಕ್ಕೂ ಇರುವ ವ್ಯತ್ಯಾಸ. ಮೇಲೆ 450 ವ್ಯಾಟ್ ಅಂತ ಬರೆದಿರುತ್ತದೆ. ಅದರ ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಅಂತ ನೋಡಿ, 12ರಿಂದ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು ಆ ಸಾಲಿನಿಂದಲೇ. ಒಮ್ಮೆ ಹಾಗೆ ಗುಣಿಸಿದಾಗ 200 ಕೂಡ ಬರಲಿಲ್ಲ.

ಲೆಕ್ಕ ಹೀಗೆ. ರೈಜೆನ್ 5 7600 ಹೆಚ್ಚೆಂದರೆ 88 ವ್ಯಾಟ್. ಆರ್‌ಟಿಎಕ್ಸ್ 4060 115 ವ್ಯಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಾ ಸೇರಿ ಒಂದು 60 ಇಡಿ. ಒಟ್ಟು 260ರ ಸುತ್ತ. ಇದಕ್ಕೆ 550 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಆರಾಮ. ಎನ್ವಿಡಿಯಾ ಕೂಡ 4060ಗೆ 550 ಅಂತಲೇ ಹೇಳುತ್ತದೆ. ಇಂಟೆಲ್‌ನಲ್ಲಿ 65 ವ್ಯಾಟ್ ಅಂತ ಬರೆದದ್ದನ್ನು ನಂಬಬೇಡಿ. ಐ5-12400 ಟರ್ಬೋದಲ್ಲಿ, ಅಂದರೆ ಭಾರ ಬಿದ್ದು ವೇಗ ಏರಿಸಿಕೊಂಡಾಗ, 117 ವ್ಯಾಟ್‌ವರೆಗೆ ಹೋಗುತ್ತದೆ. ಲೆಕ್ಕಕ್ಕೆ ಟರ್ಬೋ ಅಂಕಿಯೇ ಹಿಡಿಯಿರಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ. ಅದೊಂದೇ ಒಳ್ಳೆಯ ಗುಣದ ಸರ್ಟಿಫಿಕೇಟ್ ಅಲ್ಲ. ಐದು ವರ್ಷ ವಾರಂಟಿ ಇದೆಯಾ ಅಂತ ನಾನು ಮೊದಲು ನೋಡುತ್ತೇನೆ.

ಕೇಬಲ್ ಎಣಿಸಿ. ಕಾರ್ಡಿನ 8 ಪಿನ್ ಕನೆಕ್ಟರ್ 150 ವ್ಯಾಟ್ ಕೊಡುತ್ತದೆ, 6 ಪಿನ್ 75, ಸ್ಲಾಟ್ ಇನ್ನೊಂದು 75. ಎರಡು 8 ಪಿನ್ ಬೇಕಾದ ಕಾರ್ಡಿಗೆ ಎರಡು ಬೇರೆ ಕೇಬಲ್ ಎಳೆಯಿರಿ. ಪ್ರೊಸೆಸರ್‌ನ 8 ಪಿನ್ ಬೇರೆ, ಅದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ. ಕಾರ್ಡಿನದು ಆರು ಮತ್ತು ಎರಡು. ಹೊಸ 16 ಪಿನ್ ಕನೆಕ್ಟರ್ ಇರುವ ಕಾರ್ಡ್ ಆದರೆ ಕೊನೆಯವರೆಗೆ ಒತ್ತಿ, ಸಂದಿ ಕಾಣಬಾರದು. 2022ರಲ್ಲಿ ಆರ್‌ಟಿಎಕ್ಸ್ 4090 ಕನೆಕ್ಟರ್‌ಗಳು ಕರಗಿದಾಗ, ಪೂರ್ತಿ ಒಳಗೆ ಹೋಗದೆ ಇದ್ದದ್ದೂ ಒಂದು ಕಾರಣವಾಗಿತ್ತು.

ಮಾಡ್ಯುಲರ್ (ಕೇಬಲ್ ಬಿಚ್ಚಬಹುದಾದ) ಎಸ್‌ಎಂಪಿಎಸ್ ಬದಲಿಸುವವರು ಹಳೆ ಕೇಬಲ್‌ಗಳನ್ನೂ ತೆಗೆದುಬಿಡಿ. ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲಾ ಕಂಪನಿಗೂ ಒಂದೇ ನಿಯಮ ಇಲ್ಲ. ನಾನೇ ಒಮ್ಮೆ ಸೋಮಾರಿತನ ಮಾಡಿ ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಹಳೆಯ ಸಾಟಾ ಕೇಬಲ್ ಬಿಟ್ಟೆ. ಚೆನ್ನಾಗೇ ಕೂತಿತು. ಸ್ವಿಚ್ ಹಾಕಿದ ಕ್ಷಣ ಹಾರ್ಡ್ ಡಿಸ್ಕ್‌ನಿಂದ ಸುಟ್ಟ ವಾಸನೆ. ಮಗಳ ಮೂರು ವರ್ಷದ ಫೋಟೋ ಅದರಲ್ಲಿದ್ದವು. ಮನೆಯವಳು ಈಗಲೂ ಆ ಮಾತು ತೆಗೆಯುತ್ತಾಳೆ.

ಯುಪಿಎಸ್ ಯಾವುದು?

600 ವಿಎ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360. ಮೇಲಿನ 260ರ ಪಿಸಿಗೆ ಮಾನಿಟರ್ ಸೇರಿಸಿದರೆ ಫೈಲ್ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ನಿಲ್ಲುತ್ತದೆ, ಗೇಮ್ ಮುಗಿಸುವಷ್ಟಲ್ಲ. ಇದಕ್ಕಿಂತ ದೊಡ್ಡ ಕಾರ್ಡ್ ಇದ್ದರೆ 1000 ವಿಎ ಕಡೆ ನೋಡಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಎಂಬ, ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್ ಇರುತ್ತದೆ. ಅಗ್ಗದ ಯುಪಿಎಸ್‌ನ ಚೌಕ ಅಲೆಯ ಕರೆಂಟ್ ಅದಕ್ಕೆ ಕೆಲವೊಮ್ಮೆ ಒಗ್ಗುವುದಿಲ್ಲ. ಕರೆಂಟ್ ಹೋದ ತಕ್ಷಣ ಪಿಸಿಯೂ ಹೋಗುತ್ತದೆ. ಮನೆ ಕರೆಂಟಿನಂಥ ನುಣ್ಣನೆ ಅಲೆಯ ಪ್ಯೂರ್ ಸೈನ್ ವೇವ್ ಯುಪಿಎಸ್ ಕೇಳಿ ತಗೊಳ್ಳಿ.

ಎಂ.2 ಸ್ಲಾಟ್ ಇದೆ. ಯಾವ ಎಸ್‌ಎಸ್‌ಡಿ ಆದರೂ ಆಗುತ್ತಲ್ವಾ?

ಇಲ್ಲ. ಎಂ.2 ಅನ್ನುವುದು ಆಕಾರ. ಒಳಗೆ ಡೇಟಾ ಸಾಗುವ ಬಗೆ ಹಳೆಯ ಸಾಟಾ ಇರಬಹುದು, ಎನ್‌ವಿಎಂಇ ಇರಬಹುದು. ಸಾಟಾದ್ದು ಸೆಕೆಂಡಿಗೆ ಸುಮಾರು 550 ಎಂಬಿ, ನಾಲ್ಕನೇ ಪೀಳಿಗೆಯ ಎನ್‌ವಿಎಂಇ 7000ದ ಹತ್ತಿರ. ಈಗಿನ ಎಷ್ಟೋ ಸ್ಲಾಟ್‌ಗಳು ಎನ್‌ವಿಎಂಇ ಮಾತ್ರ ಹಿಡಿಯುತ್ತವೆ, ಕೆಲವು ಹಳೆಯವು ಸಾಟಾ ಮಾತ್ರ. ಕೆಲವು ಬೋರ್ಡ್‌ಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. ಹಾರ್ಡ್ ಡಿಸ್ಕ್ ಕಾಣೆಯಾಗಿದೆ ಅಂತ ಗಾಬರಿ ಬೀಳುವ ಮೊದಲು ಕೇಬಲ್ ಪಕ್ಕದ ಪೋರ್ಟ್‌ಗೆ ಹಾಕಿ. ಎಂ.2ರ ಸ್ಕ್ರೂ ಎಳ್ಳಿನ ಕಾಳಿನಂತಿರುತ್ತದೆ, ಬೋರ್ಡಿನ ಡಬ್ಬದಲ್ಲೇ ಇರುತ್ತದೆ. ಡಬ್ಬ ಗುಜರಿಗೆ ಹಾಕಬೇಡಿ.

ಕ್ಯಾಬಿನೆಟ್ ಹೇಗೆ ಆರಿಸಲಿ? ಗಾಜಿನದು ಚೆನ್ನಾಗಿದೆ.

ಎಟಿಎಕ್ಸ್ ಬೋರ್ಡ್ 305 ಗುಣಿಸು 244 ಮಿಲಿಮೀಟರ್. ಮೈಕ್ರೋ ಎಟಿಎಕ್ಸ್ 244 ಚೌಕ. ದೊಡ್ಡ ಕ್ಯಾಬಿನೆಟ್‌ಗೆ ಸಣ್ಣ ಬೋರ್ಡ್ ಕೂರುತ್ತದೆ, ಉಲ್ಟಾ ಆಗುವುದಿಲ್ಲ. ಬೋರ್ಡ್ ಕೆಳಗಿನ ಹಿತ್ತಾಳೆ ಕಂಬಗಳನ್ನು ಬೋರ್ಡಿನ ತೂತಿಗೆ ಸರಿಯಾಗಿ ಎಣಿಸಿ ಹಾಕಿ. ಒಂದು ಜಾಸ್ತಿ ಇದ್ದು ಬೋರ್ಡ್ ಬೆನ್ನಿಗೆ ತಾಗಿದರೆ ಶಾರ್ಟ್.

ಗಾಜು ಪಕ್ಕದಲ್ಲಿ ಇರಲಿ, ಮುಂದೆ ಬೇಡ. ಮುಂದೆ ಜಾಲರಿ ಇರಬೇಕು. ಏಪ್ರಿಲ್ ತಿಂಗಳಲ್ಲಿ ಆರ್‌ಸಿಸಿ ಮನೆಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನ ಕೂತು ನೋಡಿ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ವಿಡಿಯೋದವರು ಎಸಿ ರೂಮಿನಲ್ಲಿ ತೋರಿಸುವ ಡಿಗ್ರಿಗೆ ಇಲ್ಲಿ ಹತ್ತು ಹದಿನೈದು ಸೇರಿಸಿಕೊಳ್ಳಿ.

ಜಾಲರಿಯ ಹಿಂದೆ ಧೂಳು ತಡೆಯುವ ಫಿಲ್ಟರ್ ಬೇಕು, ಬಿಚ್ಚಿ ತೊಳೆಯುವಂಥದ್ದು. ಮಂಡಕ್ಕಿ ಭಟ್ಟಿ ಕಡೆಯಿಂದ ಒಂದು ಪಿಸಿ ಬಂದಿತ್ತು. ಪ್ರೊಸೆಸರ್ ಕೂಲರ್‌ನ ರೆಕ್ಕೆಗಳ ನಡುವೆ ಹೊಗೆಯ ಮಸಿ ಜಿಡ್ಡಾಗಿ ಅಂಟಿ, ರೊಟ್ಟಿ ಹಂಚಿನ ಬೆನ್ನಿನಂತೆ ಆಗಿತ್ತು. ಬ್ಲೋವರ್‌ಗೆ ಜಗ್ಗಲಿಲ್ಲ. ಹಲ್ಲುಜ್ಜುವ ಬ್ರಷ್ಷೇ ಬೇಕಾಯಿತು.

ಬೇರೆ ಕೂಲರ್ ಬೇಕಾ?

65 ವ್ಯಾಟ್‌ನ ಪ್ರೊಸೆಸರ್‌ಗೆ ಡಬ್ಬದಲ್ಲಿ ಬಂದದ್ದು ಸಾಕು, ಸ್ವಲ್ಪ ಸದ್ದು ಅಷ್ಟೆ. ಟವರ್ ಕೂಲರ್ 155ರಿಂದ 160 ಮಿಲಿಮೀಟರ್ ಎತ್ತರ, ಕ್ಯಾಬಿನೆಟ್‌ನ ಅಗಲ ನೋಡಿಕೊಳ್ಳಿ. ಎಎಂ4ರ ಕೂಲರ್ ಬಹುತೇಕ ಎಎಂ5ಗೂ ಆಗುತ್ತದೆ. ಇಂಟೆಲ್‌ನಲ್ಲಿ ಹಾಗಲ್ಲ, ಹಿಂದಿನ ಬೋರ್ಡ್‌ಗಳ ತೂತಿನ ಅಂತರ 75 ಮಿಲಿಮೀಟರ್, ಎಲ್‌ಜಿಎ1700ದ್ದು 78. ಬೇರೆ ಕ್ಲ್ಯಾಂಪ್ ಬೇಕು.

ಹಳೆ ಕಂಪ್ಯೂಟರಿನಿಂದ ಏನೇನು ಉಳಿಸಬಹುದು?

ಮಾನಿಟರ್, ಕೀಬೋರ್ಡ್, ಸಾಟಾ ಹಾರ್ಡ್ ಡಿಸ್ಕ್. ಮಾನಿಟರ್‌ಗೆ ವಿಜಿಎ ಮಾತ್ರ ಇದ್ದರೆ ಹೊಸ ಕಾರ್ಡ್‌ಗಳಲ್ಲಿ ವಿಜಿಎ ಇಲ್ಲ, ಕನ್ವರ್ಟರ್ ಬೇಕು. ಆಫೀಸಿನಿಂದ ಹೊರಬಿದ್ದ ಕಂಪನಿ ಪಿಸಿಗಳ ಕ್ಯಾಬಿನೆಟ್ ಉಳಿಸಲು ಹೋಗಬೇಡಿ. ಎಸ್‌ಎಂಪಿಎಸ್ ಆಕಾರ, ಪಿನ್, ಕೆಲವೊಮ್ಮೆ ಪವರ್ ಬಟನ್ ವೈರ್ ಕೂಡ ಅವರದೇ ಬೇರೆ ಅಳತೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಗೆ ಇರುವ ಚಿಪ್), ಜೊತೆಗೆ ಇಂಟೆಲ್ 8ನೇ ಪೀಳಿಗೆ ಅಥವಾ ರೈಜೆನ್ 2000ದಿಂದ ಮುಂದಿನದು ಬೇಕು. ಅದಕ್ಕಿಂತ ಹಳೆಯ ಪ್ರೊಸೆಸರ್‌ಗೆ ಹೊಸ ದುಡ್ಡು ಸುರಿಯಬೇಡಿ.

ಮಂಡಿಯಲ್ಲಿ ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹೊಸ ಪಿಸಿಗೆ ಆಗುತ್ತಾ?

ದಲ್ಲಾಳಿ ಅಂಗಡಿಯವರು ತಪ್ಪದೆ ಕೇಳುವ ಪ್ರಶ್ನೆ. ಪ್ರಿಂಟರ್ ಯುಎಸ್‌ಬಿ ಆದರೆ ಚಿಂತೆ ಇಲ್ಲ. ಅಗಲ ಪ್ಯಾರಲಲ್ ಪೋರ್ಟ್‌ನದಾದರೆ ಹೊಸ ಬೋರ್ಡಿನ ಹಿಂಭಾಗದಲ್ಲಿ ಅದು ಸಿಗುವುದು ಅಪರೂಪ. ಕೆಲವು ಬೋರ್ಡ್‌ಗಳ ಒಳಗೆ ಆ ಪೋರ್ಟಿನದೇ ಎಲ್‌ಪಿಟಿ ಪಿನ್ ಇರುತ್ತವೆ, ಅದಕ್ಕೊಂದು ಬ್ರಾಕೆಟ್ ಕೇಬಲ್ ಹಾಕಬಹುದು. ಇಲ್ಲವೇ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಹಳೆ ಪಿಸಿಯಲ್ಲಿದ್ದ ಬಿಳಿ ಸ್ಲಾಟಿನ ಪಿಸಿಐ ಕಾರ್ಡ್ ಈಗಿನ ಸ್ಲಾಟ್‌ಗೆ ಕೂರುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಡಾಸ್ ಕಾಲದ್ದಾದರೆ ಯುಎಸ್‌ಬಿ ಕನ್ವರ್ಟರ್ ಕೈ ಕೊಡುತ್ತದೆ. ಆ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡುತ್ತದಾ ಅಂತ ಮೊದಲು ನೋಡಿ. ಓಡದಿದ್ದರೆ ಹಳೆ ಪಿಸಿ ಬಿಲ್ಲಿಗೆ ಇರಲಿ ಬಿಡಿ.

ಇಲ್ಲೇ ತಗೊಳ್ಳಲಾ, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಲಾ, ಆನ್‌ಲೈನಾ?

ಎಲ್ಲಿ ತಗೊಂಡರೂ ಬೋರ್ಡ್ ಮತ್ತು ಪ್ರೊಸೆಸರ್ ಒಂದೇ ಕಡೆ ತಗೊಳ್ಳಿ. ಆನ್ ಆಗದಿದ್ದರೆ ತಪ್ಪು ಯಾವುದರದ್ದು ಅಂತ ಇಬ್ಬರು ಒಬ್ಬರ ಮೇಲೊಬ್ಬರು ಹಾಕುವುದು ತಪ್ಪುತ್ತದೆ. ರಾತ್ರಿ ರೈಲು ಹತ್ತಿ ಎಸ್‌ಪಿ ರೋಡಿಗೆ ಹೋಗುವವರು ಉಳಿತಾಯದಲ್ಲಿ ಹೋಗಿಬರುವ ಖರ್ಚು ಕಳೆದು ನೋಡಿ. ಬದಲಾಯಿಸಬೇಕಾದರೆ ಮತ್ತೆ ರೈಲು. "ಬಿಲ್ ಇಲ್ಲದೆ ಕಡಿಮೆ ಮಾಡಿಕೊಡ್ತೀನಿ" ಅಂದರೆ ಶೇಕಡಾ 18 ಜಿಎಸ್‌ಟಿ ಉಳಿಯಿತು ಅಂತ ಖುಷಿ ಆಗುತ್ತದೆ. ವಾರಂಟಿಯೂ ಅಲ್ಲೇ ಉಳಿಯುತ್ತದೆ. ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬರೆಸಿ.

ಎಲ್ಲಾ ಹೊಂದುವಂಥದ್ದೇ ತಂದೆ, ಜೋಡಿಸಿದೆ. ಆನ್ ಆಗುತ್ತಿಲ್ಲ!

ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ನಗಬೇಡಿ, ನಾನೂ ಮರೆತಿದ್ದೇನೆ. ಆಮೇಲೆ ಪ್ರೊಸೆಸರ್‌ನ 8 ಪಿನ್ ಕೇಬಲ್, ಬೋರ್ಡಿನ ಎಡ ಮೇಲಿನ ಮೂಲೆಯಲ್ಲಿ. ಆಮೇಲೆ ಪವರ್ ಬಟನ್‌ನ ಎರಡು ವೈರ್ ಸರಿಯಾದ ಪಿನ್‌ಗೆ ಇವೆಯಾ ಅಂತ ಬೋರ್ಡಿನ ಪುಸ್ತಕದ ಚಿತ್ರ ನೋಡಿ. ಆಮೇಲೆ ಒಂದೇ ರ‍್ಯಾಮ್ ಕಡ್ಡಿ ಹಾಕಿ ನೋಡಿ. ಎಷ್ಟೋ ಬೋರ್ಡ್‌ಗಳಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ದೀಪ ಇರುತ್ತವೆ. ಯಾವುದು ಆರದೆ ನಿಲ್ಲುತ್ತದೋ ತೊಂದರೆ ಅಲ್ಲಿ.

ಡಿಡಿಆರ್5 ಬೋರ್ಡ್ ಆದರೆ ಮೊದಲ ಸಲ ಡ್ರ್ಯಾಮ್ ದೀಪ ಉರಿಯುತ್ತಾ ಪರದೆ ಕೆಲವು ನಿಮಿಷ ಕಪ್ಪಾಗೇ ಇರುತ್ತದೆ. ಬೋರ್ಡ್ ಆಗ ರ‍್ಯಾಮ್‌ನ ವೇಗಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಹತ್ತು ನಿಮಿಷ ಅದನ್ನು ಮುಟ್ಟಬೇಡಿ. ಹನ್ನೊಂದನೇ ನಿಮಿಷಕ್ಕೂ ಏನೂ ಬರದಿದ್ದರೆ ಯಾವ ದೀಪ ಉರಿಯುತ್ತಿದೆ ಅಂತ ಒಂದು ಫೋಟೋ ತೆಗೆದುಕೊಂಡು, ಆಮೇಲೆ ಫೋನ್ ಮಾಡಿ.